ಶಾಲಿನ ಕೆಳಗಿನ ಕೈಗಳು

"ಈ ಚಿತ್ರದಲ್ಲಿ ಕೈಗಳನ್ನ ನಾನು ಮುಟ್ಟಿಲ್ಲ ತಾಯಿ. ಅದು ನಮ್ಮ ಎಡಚನ ಕರಾಮತ್ತು," ಎಂದರು ಮೇಷ್ಟ್ರು, ಹಜಾರದಲ್ಲಿದ್ದ ಇಪ್ಪತ್ತು ಜನಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ. "ಬ್ರಶ್ಶು ತೊಳೆಯೋಕೆ ಅಂತ ಇಟ್ಕೊಂಡಿರೋನು. ನಾನು ಊಟಕ್ಕೆ ಎದ್ದಿದ್ದೇ ತಡ, ಆಸೆ ತಡೀಲಾರದೆ ಬಣ್ಣ ಬಳಿಯೋ ನೈಫಿಗೆ ಕೈ ಹಾಕಿದಾನೆ. ಗಾರೆಯವನು ಗೋಡೆಗೆ ಮೆತ್ತೋ ಹಾಗೆ ಮೆತ್ತಿಟ್ಟಿದಾನೆ ನೋಡಿ. ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು."

ಹಜಾರಕ್ಕೆ ಹಜಾರವೇ ನಕ್ಕಿತು. ಎಡಚ ಬಾಗಿಲ ಬಳಿ, ಚಿತ್ರ ಸುತ್ತಿಕೊಂಡು ಬಂದಿದ್ದ ಬಟ್ಟೆಯನ್ನು ಮಡಚುತ್ತ ನಿಂತಿದ್ದ. ಅವನ ಕಿವಿ ಕಾದ ಹಂಚಿನಂತಾಯಿತು. ಮಡಚಿದ ಬಟ್ಟೆಯನ್ನು ಬಿಚ್ಚಿ, ಮತ್ತೆ ಮಡಚಿದ.

ಕಾಗದದ ಕಾರ್ಖಾನೆಯ ಮಾಲೀಕರ ತೀರಿಹೋದ ತಾಯಿಯ ಚಿತ್ರ ಅದು. ಮಾಲೀಕರಿಗೆ ಚಿತ್ರ ಸಂಗ್ರಹಿಸುವ ಹುಚ್ಚು. ಮನೆಯ ಗೋಡೆಗಳಲ್ಲಿ ಮೊಳೆ ಹೊಡೆಯಲು ಜಾಗವಿರಲಿಲ್ಲ. ಈ ಒಂದು ಚಿತ್ರಕ್ಕಾಗಿ ಮಾತ್ರ ಹಜಾರದ ನಡುಗೋಡೆಯನ್ನು ಖಾಲಿ ಬಿಟ್ಟಿದ್ದರು. ಮುದುಕಿ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕೈ ಕಟ್ಟಿಕೊಂಡು, ಯಾರೋ ಕರೆದರೆಂದು ಈಗಷ್ಟೇ ತಲೆಯೆತ್ತಿದ ಹಾಗಿತ್ತು. ಬಂದವರೆಲ್ಲ ಮುಖ ನೋಡಿ ಬೆರಗಾಗಿದ್ದರು. ಮಾಲೀಕರ ಹೆಂಡತಿ ಒಬ್ಬರೇ ಕೆಳಗೆ ನೋಡಿ ಮೂಗು ಮುರಿದಿದ್ದರು. "ನಮ್ಮತ್ತೆ ಕೈ ಹೀಗಿರ್ಲಿಲ್ಲ. ಕೂಲಿಯವರ ಕೈ ಇದ್ದ ಹಾಗಿದೆ." ಆ ಮಾತಿಗೇ ಮೇಷ್ಟ್ರು ಹಾಗೆ ಜಾರಿಕೊಂಡದ್ದು. ಮಾಲೀಕರು ಬಾಯಿ ತೆರೆಯಲು ಹೋಗಿ, ಅತಿಥಿಗಳ ಕಡೆ ನೋಡಿ, ಸುಮ್ಮನಾದರು.

"ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ?" ಎಂದರು ಮೇಷ್ಟ್ರು. "ಒಂದು ಶಾಲು ಹೊದಿಸಿಬಿಡ್ತೀನಿ. ಹತ್ತು ದಿನ ಸಾಕು."

"ಹತ್ತು ದಿನ ಇಲ್ಲ, ಒಂದು ವಾರ," ಎಂದರು ಹೆಂಡತಿ. "ಆಮೇಲೆ ದೊಡ್ಡ ದೊಡ್ಡವರು ಬರ್ತಿದಾರೆ."

ಚೌಕಟ್ಟು ಕಟ್ಟುವ ಅಣ್ಣ ಮತ್ತು ಎಡಚ ಸೇರಿ ಚಿತ್ರ ಇಳಿಸಿದರು. ಇಬ್ಬರೂ ವ್ಯಾನಿನ ಹಿಂದೆ ಚಿತ್ರ ಹಿಡಿದು ಕೂತಾಗ ಚೌಕಟ್ಟಣ್ಣ, "ಏಳು ವರ್ಷದಿಂದ ಮೇಷ್ಟ್ರು ಬರೆದಿರೋದು ಸಹಿ ಒಂದೇ. ಅದಕ್ಕೂ ಕನ್ನಡಕ ಹುಡುಕ್ತಾರೆ," ಎಂದ.

ಎಡಚ ನಗಲಿಲ್ಲ.

ಇದ್ದ ಸಂಗತಿ ಅದೇ. ಮೇಷ್ಟ್ರು ಒಂದು ಕಾಲದಲ್ಲಿ ನಿಜಕ್ಕೂ ದೊಡ್ಡ ಕೈ. ಎಂಟನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದು, ಅಂಗಡಿಗಳ ಬೋರ್ಡು ಬರೆದುಕೊಂಡಿದ್ದ ಎಡಚನನ್ನು ಕರೆತಂದು ಕೆಲಸ ಕಲಿಸಿದವರೂ ಅವರೇ. ಆಮೇಲೆ ಹೆಸರು ಬಂತು, ಗಿರಾಕಿಗಳು ಬಂದರು, ಮಾತು ಬೆಳೆಯಿತು, ಕೈ ಕುಗ್ಗಿತು. ಮೊದಲು ಹಿನ್ನೆಲೆ ಎಡಚನ ಪಾಲಿಗೆ ಬಂತು, ಆಮೇಲೆ ಬಟ್ಟೆಬರೆ, ಆಮೇಲೆ ಮುಖ. ಈ ಮುದುಕಿಯ ಚಿತ್ರದಲ್ಲಿ ಮೇಷ್ಟ್ರದ್ದು ಅಂತ ಇದ್ದದ್ದು ಬಲಮೂಲೆಯ ಸಹಿ ಮಾತ್ರ. ಎಡಚನಿಗೆ ಅದರ ಬಗ್ಗೆ ತಕರಾರಿರಲಿಲ್ಲ. ಅನ್ನ ಹಾಕಿದ ಮನೆ, ವಿದ್ಯೆ ಕೊಟ್ಟ ಕೈ, ಇರಲಿ ಎಂದುಕೊಂಡಿದ್ದ. ಆದರೆ ಆ ಕೈಗಳ ವಿಷಯ ಬೇರೆ.

ಆ ಕೈಗಳು ಅವನ ಅಕ್ಕನವು.

ಮಾಲೀಕರು ಕೊಟ್ಟದ್ದು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಫೋಟೋ. ಅದರಲ್ಲಿ ಕುತ್ತಿಗೆಯಿಂದ ಕೆಳಗೆ ಏನೂ ಇರಲಿಲ್ಲ. ಅಕ್ಕ ಬಟ್ಟೆ ಅಂಗಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷದ ಸೂಜಿ ಅವಳ ತೋರುಬೆರಳ ತುದಿಯನ್ನು ಚಪ್ಪಟೆ ಮಾಡಿತ್ತು. ಹನ್ನೊಂದು ಭಾನುವಾರ ಅವಳು ಅವನೆದುರು ಕೈ ಕಟ್ಟಿಕೊಂಡು ಕೂತಿದ್ದಳು. ಮುಖಕ್ಕೆ ಬ್ರಶ್ಶು ಹಿಡಿದವನು ಕೈಗಳಿಗೆ ನೈಫು ಹಿಡಿದ. ಗೆಣ್ಣುಗಳ ಮೇಲೆ ಬಣ್ಣವನ್ನು ದಪ್ಪಗೆ ಎಳೆದು, ಬೆಳಕು ಅದರ ಅಂಚಿಗೆ ತಾಗಿ ನಿಲ್ಲುವ ಹಾಗೆ ಮಾಡಿದ. ಬಣ್ಣ ಬೇಗ ಒಣಗಿಬಿಟ್ಟರೆ ಮುಂದಿನ ಭಾನುವಾರ ತಿದ್ದಲಾಗುವುದಿಲ್ಲವೆಂದು ಕೈಗಳ ಬಣ್ಣಕ್ಕೂ ಸುತ್ತಲ ಸೀರೆಯ ಬಣ್ಣಕ್ಕೂ ಲವಂಗದ ಎಣ್ಣೆ ಬೆರೆಸಿದ್ದ. ಆ ಎಣ್ಣೆ ಬಿದ್ದ ಬಣ್ಣ ತಿಂಗಳುಗಟ್ಟಲೆ ಹಸಿ ಇರುತ್ತದೆ.

"ನನ್ನ ಕೈಗೆ ಬಂದ ಯೋಗ ನೋಡು," ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. "ಅದು ದೊಡ್ಡವರ ಮನೆ ಗೋಡೆ ಏರುತ್ತೆ. ನಾನು ಇಲ್ಲೇ ಕಾಜಾ ಹೊಲೀತಿರ್ತೀನಿ."

ಆ ಸಂಜೆ ಎಡಚ ಚಪ್ಪಲಿ ಕಳಚುವ ಮೊದಲೇ ಕೇಳಿದಳು. "ಏನಂದ್ರೋ, ನನ್ನ ಕೈ ನೋಡಿ?"

"ಚೆನ್ನಾಗಿದೆ ಅಂದ್ರು."

"ಅಷ್ಟೇನಾ?"

"ಎಲ್ಲರೂ ಅದನ್ನೇ ನೋಡ್ತಿದ್ರು, ಅಕ್ಕ."

ಅವಳು ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಎಡಚನಲ್ಲಿ ಅಲ್ಲಿಯವರೆಗೆ ಹೊಗೆಯಾಡುತ್ತಿದ್ದ ಸಿಟ್ಟು ಆಗ ಹತ್ತಿಕೊಂಡಿತು. ಕೆಲಸ ಬಿಟ್ಟು ಹೋಗುವುದು ಸುಲಭ. ನಾಳೆ ಇನ್ನೊಬ್ಬ ಬ್ರಶ್ಶು ತೊಳೆಯುವವನು ಬರುತ್ತಾನೆ. ಕೂಗಾಡಿದರೆ ಮೇಷ್ಟ್ರು ಕೈಯಾಡಿಸಿ ಎಲ್ಲ ತೇಲಿಸಿಬಿಡುತ್ತಾರೆ. ಹಾಗಲ್ಲ. ಆ ಹಜಾರದಲ್ಲೇ, ಆ ಜನರ ಎದುರೇ, ಈ ಚಿತ್ರ ಬರೆದವನು ಯಾರೆಂದು ಆ ಮನುಷ್ಯನ ಬಾಯಿಂದಲೇ ಹೊರಡಬೇಕು. ಅದೂ ಪ್ರೀತಿಯಿಂದಲ್ಲ, ಬೇರೆ ದಾರಿಯಿಲ್ಲದೆ.

ಬೆಳಿಗ್ಗೆ ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಕಾಫಿ ಲೋಟ ಹಿಡಿದು ಬಂದರು. "ಬೇಜಾರು ಮಾಡ್ಕೋಬೇಡ ಕಣೋ. ದೊಡ್ಡವರ ಎದುರು ಏನೋ ಒಂದು ಮಾತು ಬರುತ್ತೆ, ಹೋಗುತ್ತೆ. ಆ ಶಾಲು ಒಂದು ಹೊದಿಸಿಬಿಡು."

"ಮಾಲೀಕರು ಫೋನ್ ಮಾಡಿದ್ರು, ಸಾರ್. ನೀವು ಬರೆಯೋದನ್ನ ಕೂತು ನೋಡ್ಬೇಕಂತೆ. ನಾಡಿದ್ದು ಬರ್ತಾರೆ."

ಅದೊಂದೇ ಅವನು ಮೇಷ್ಟ್ರಿಗೆ ಹೇಳಿದ ಸುಳ್ಳು. ಫೋನ್ ಮಾಡಿದ್ದು ಅವನೇ, ಒಂದು ಗಂಟೆ ಮೊದಲು. ಮೇಷ್ಟ್ರು ಕೈಯಾರೆ ಶಾಲು ಹೊದಿಸುತ್ತಾರೆ, ತಮ್ಮಂಥ ರಸಿಕರು ಎದುರಿಗಿದ್ದರೆ ಅವರಿಗೂ ಹುರುಪು ಅಂದಿದ್ದ. ಮಾಲೀಕರು ಮಗುವಿನ ಹಾಗೆ ಒಪ್ಪಿಕೊಂಡಿದ್ದರು.

ಮೇಷ್ಟ್ರು ಲೋಟ ಕೆಳಗಿಟ್ಟರು. ಒಂದು ಗಳಿಗೆ ಅವರ ಮುಖದಲ್ಲಿ ಅಳುಕು ಸುಳಿಯಿತು. ಆದರೆ ನೋಡುವವರಿದ್ದಾರೆ ಎಂದರೆ ಮೇಷ್ಟ್ರು ಬಾವಿಗೂ ಬೀಳುವ ಆಸಾಮಿ. "ಬರಲಿ ಬಿಡು. ಸಣ್ಣ ಶಾಲು ತಾನೆ," ಎಂದರು.

ಬಂದ ದಿನ ಮಾಲೀಕರಿಗೆ ಒಳ್ಳೆ ಕುರ್ಚಿ ಹಾಕಿದರು. ಮೇಷ್ಟ್ರು ಹೊಸ ಏಪ್ರನ್ ಕಟ್ಟಿಕೊಂಡು, ಚಿತ್ರದ ಮುಂದೆ ನಿಂತು, ಅಕ್ಕನ ಕೈಗಳ ಮೇಲೆ ಬೆರಳಿಟ್ಟು ಒತ್ತಿದರು.

"ಒಣಗಿದೆಯೇನೋ?"

ಎಡಚ ಬ್ರಶ್ಶುಗಳನ್ನು ಜೋಡಿಸುತ್ತಿದ್ದ. ಮೇಲೆ ಒಣಗಿದೆ, ಒಳಗೆ ಹಸಿ ಇದೆ ಎಂದು ಅವನಿಗೆ ಗೊತ್ತಿತ್ತು; ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಹತ್ತಿರ ಬಗ್ಗಿದರೆ ಲವಂಗದ ವಾಸನೆ ಈಗಲೂ ಹೊಡೆಯುತ್ತಿತ್ತು. ಮೂವತ್ತು ವರ್ಷ ಟರ್ಪೆಂಟೈನ್ ಕುಡಿದ ಮೇಷ್ಟ್ರ ಮೂಗಿಗೆ ಅದು ಎಲ್ಲಿಂದ ಸಿಗಬೇಕು.

"ನೀವೇ ಮುಟ್ಟಿ ನೋಡಿದ್ರಲ್ಲ, ಸಾರ್," ಎಂದ.

"ಒಣಗಿದೆ," ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು ಇರಬೇಕು. ಮೇಲಿನದು ಮೊದಲು ಒಣಗಿದರೆ ಕೆಳಗಿನದು ಅದನ್ನು ಸೀಳಿಹಾಕುತ್ತದೆ. ಈ ಪಾಠವನ್ನು ಎಡಚನ ತಲೆಗೆ ಮೊಟಕಿ ಮೊಟಕಿ ಕಲಿಸಿದವರು ಇದೇ ಮೇಷ್ಟ್ರು. ಈಗ ಅವರು ಕಡುಗೆಂಪು ಬಣ್ಣಕ್ಕೆ ಟರ್ಪೆಂಟೈನ್ ಸುರಿದು ನೀರು ಮಾಡಿದರು. ಬೇಗ ಒಣಗಬೇಕಲ್ಲ, ವಾರದ ಗಡುವು. "ಡ್ರೈಯರ್ ಕೊಡು," ಎಂದು ಕೈ ಚಾಚಿದರು.

ಬೇರೆ ದಿನವಾಗಿದ್ದರೆ ಎಡಚ ಕೆಮ್ಮುತ್ತಿದ್ದ. ಗಿರಾಕಿಗಳೆದುರು ಮೇಷ್ಟ್ರು ತಪ್ಪಿದಾಗ ಅವರಿಬ್ಬರ ನಡುವಿನ ಸನ್ನೆ ಅದು. ಅವನು ಒಮ್ಮೆ ಕೆಮ್ಮಿದರೆ ಮೇಷ್ಟ್ರು ಕೈ ತಡೆಯುತ್ತಿದ್ದರು, ಏನೋ ಯೋಚಿಸುವವರಂತೆ ಹಿಂದೆ ಸರಿಯುತ್ತಿದ್ದರು. ಗಂಟಲಿಗೆ ಬಂದ ಕೆಮ್ಮನ್ನು ಅವನು ಉಗುಳಿನ ಜೊತೆ ನುಂಗಿದ. ಡ್ರೈಯರ್ ಬಾಟಲಿಯ ಮುಚ್ಚಳ ತಿರುಗಿಸಿ, ಎಡಗೈಯಲ್ಲಿ ಕೊಟ್ಟ.

ಬ್ರಶ್ಶು ಓಡಿತು. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಗೆಣ್ಣುಗಳು, ಕಡೆಗೆ ಆ ಚಪ್ಪಟೆ ಬೆರಳ ತುದಿ. ಎಡಚ ಕಣ್ಣು ತೆಗೆಯದೆ ನೋಡಿದ. ಮಾಲೀಕರು ತಲೆದೂಗುತ್ತಿದ್ದರು, ಆದರೆ ಕೈಗಳು ಪೂರ್ತಿ ಮುಚ್ಚಿಹೋದಾಗ ಅವರ ತಲೆ ನಿಂತುಹೋದದ್ದನ್ನು ಎಡಚ ಗಮನಿಸಿದ. ಅದಕ್ಕೆ ಅವನು ಆಗ ಬೆಲೆ ಕೊಡಲಿಲ್ಲ.

ಆಮೇಲೆ ಕಾದ. ಕಾಯುವುದನ್ನು ಎಣ್ಣೆಬಣ್ಣದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಿತ್ರ ಮತ್ತೆ ಏರಿದ ಆ ನಡುಗೋಡೆಯ ಎದುರಿಗೆ ದೊಡ್ಡ ಕಿಟಕಿಯಿದೆ, ಮಧ್ಯಾಹ್ನದ ಬಿಸಿಲು ನೇರ ಚಿತ್ರದ ಮಡಿಲಿಗೇ ಬೀಳುತ್ತದೆ ಎಂದು ಅವನು ನೋಡಿಕೊಂಡು ಬಂದಿದ್ದ. ಒಂದು ತಿಂಗಳಾಯಿತು, ಎರಡಾಯಿತು. ಮೇಷ್ಟ್ರು ಮುಖ ಬರೆ ಎಂದರೆ ಬರೆದ, ಬಟ್ಟೆ ಬರೆ ಎಂದರೆ ಬರೆದ. "ನೀನು ಈಚೆಗೆ ಬಹಳ ವಿನಯವಂತ ಆಗಿದೀಯ," ಎಂದರು ಮೇಷ್ಟ್ರು ಒಂದು ದಿನ, ಬೆನ್ನು ತಟ್ಟಿ.

ನಾಲ್ಕನೇ ತಿಂಗಳು ಮಾಲೀಕರ ಮನೆಯಿಂದ ಕರೆ ಬಂತು. ಹುಡುಗನನ್ನೂ ಕರಕೊಂಡು ಬನ್ನಿ ಎಂದಿದ್ದರಂತೆ.

ಹಜಾರದಲ್ಲಿ ಅಂದೂ ಕೂಟವಿತ್ತು. ಅಂದು ನಕ್ಕವರಲ್ಲಿ ಅರ್ಧದಷ್ಟು ಜನ ಇದ್ದರು. ಚೌಕಟ್ಟಣ್ಣ ಚಿತ್ರವನ್ನು ಕೆಳಗಿಳಿಸಿ ಬೆಳಕಿಗೆ ಒರಗಿಸಿದ್ದ. ಶಾಲು ಬೇಸಿಗೆಯ ಕೆರೆ ಅಂಗಳದಂತೆ ಸೀಳುಸೀಳಾಗಿ ಬಾಯಿ ಬಿಟ್ಟಿತ್ತು. ಕೆಂಪಿನ ಚೂರುಗಳು ಒಂದರಿಂದೊಂದು ದೂರ ಸರಿದು, ನಡುವೆ ಮೈಬಣ್ಣ ಇಣುಕುತ್ತಿತ್ತು. ಮುಖಕ್ಕೆ ಮಾತ್ರ ಒಂದು ಗೀರೂ ಇರಲಿಲ್ಲ.

"ಇದೇನು ಮೇಷ್ಟ್ರೆ?" ಎಂದರು ಮಾಲೀಕರು.

ಮೇಷ್ಟ್ರು ಕನ್ನಡಕ ಹಾಕಿ, ತೆಗೆದು, ಒರೆಸಿದರು. "ಶಾಲು ಇವನು—"

"ಶಾಲು ನೀವು ಬರೆದ್ರಿ. ನಾನು ಹಿಂದೆ ಕುರ್ಚಿ ಹಾಕ್ಕೊಂಡು ಕೂತಿದ್ದೆ."

"ಹೌದೌದು, ಶಾಲು ನಂದೇ. ಶಾಲಲ್ಲಿ ದೋಷ ಇಲ್ಲ, ಕೆಳಗಿನ ಬಣ್ಣ ಕೆಟ್ಟಿದೆ. ಅದು ಇವನು ಹಚ್ಚಿದ್ದು, ಅವತ್ತೇ ಹೇಳಿರ್ಲಿಲ್ವಾ ನಾನು?"

"ಕೈ ಅವನು ಬರೆದದ್ದು ಅಂದ್ರಿ. ಈ ಕಡೆ ಮಂಡಿ ಮೇಲಿನ ಸೀರೆ, ಅಲ್ಲೂ ಶಾಲು ಬಿರಿದಿದೆಯಲ್ಲ. ಅದರ ಕೆಳಗಿಂದು ಯಾರದು?"

"ಅದೂ... ಇವಂದೇ."

"ಹಿನ್ನೆಲೆ?"

ಮೇಷ್ಟ್ರು ಎಡಚನ ಕಡೆ ತಿರುಗಿದರು. ಏಳು ವರ್ಷದಲ್ಲಿ ಮೊದಲ ಸಲ ಅವರ ಕಣ್ಣು ಅವನ ಕೆಮ್ಮನ್ನು ಬೇಡುತ್ತಿತ್ತು. ಎಡಚ ಆ ಕಣ್ಣನ್ನು ನೇರ ನೋಡಿ ತುಟಿ ಬಿಗಿದ.

"ಇವನೇ."

"ಮುಖ?"

ಮುಖ ತಮ್ಮದೆಂದು ಮೇಷ್ಟ್ರು ಅಂದರೆ, ಕೆಳಗೆಲ್ಲ ಕೆಟ್ಟ ಬಣ್ಣ ಹಚ್ಚುವವನನ್ನು ಬಿಟ್ಟುಕೊಂಡವರು ಯಾರು ಎಂಬ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ, ಈಗಲೇ ಬ್ರಶ್ಶು ಹಿಡಿದು ತೋರಿಸಿ ಎಂದುಬಿಟ್ಟರೆ ಗತಿಯೇನೆಂಬ ಭಯ. ಮೇಷ್ಟ್ರ ಕೆನ್ನೆ ಇಳಿಬಿತ್ತು.

"ಅದೂ ಇವನೇ ಬರೆದದ್ದು," ಎಂದರು, ತಮ್ಮ ಚಪ್ಪಲಿಗೆ ಹೇಳುವವರಂತೆ.

"ಹಾಗಾದ್ರೆ ನೀವು ಬರೆದದ್ದೇನು?"

"ಸಹಿ ಇದೆಯಲ್ಲ ಸ್ವಾಮಿ, ಅದು ಅವರದೇ," ಎಂದ ಚೌಕಟ್ಟಣ್ಣ, ಮೊಳೆಗಳನ್ನು ಡಬ್ಬಿಗೆ ಹಾಕುತ್ತ. "ಅದೂ ಬಿರುಕು ಬಿಟ್ಟಿಲ್ಲ, ಗಟ್ಟಿ ಕೆಲಸ."

ಹಜಾರ ನಕ್ಕಿತು. ನಾಲ್ಕು ತಿಂಗಳು ಎಡಚ ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಬಣ್ಣ ಕಲಸುವಾಗ ಕೇಳಿಸಿಕೊಂಡಿದ್ದ ನಗು ಅದು. ಇದಕ್ಕಿಂತ ಜೋರಾಗಿರುತ್ತದೆ ಎಂದುಕೊಂಡಿದ್ದ. ಆದರೂ ಸಾಕಿತ್ತು. ಮೇಷ್ಟ್ರು ಗೋಡೆಗೆ ಕೈಯೂರಿ ನಿಂತಿದ್ದರು; ಅವರನ್ನು ಹಾಗೆ ನೋಡಿ ಅವನಿಗೆ ಅಯ್ಯೋ ಅನ್ನಿಸಲಿಲ್ಲ. ಅನ್ನಿಸುತ್ತದೇನೋ ಎಂದು ತನ್ನನ್ನು ತಾನೇ ತಡಕಿ ನೋಡಿಕೊಂಡ. ಇಲ್ಲ.

ಮಾಲೀಕರು ಅವನ ಹತ್ತಿರ ಬಂದರು. ಅತಿಥಿಗಳಿಗೆ ಬೆನ್ನು ಮಾಡಿ, ತಗ್ಗಿದ ದನಿಯಲ್ಲಿ ಮಾತಾಡಿದರು.

"ನೋಡಪ್ಪ, ಕಾರ್ಖಾನೆ ಎಲ್ಲ ಆಮೇಲಿಂದು. ನಮ್ಮಮ್ಮ ಲಕೋಟೆ ಅಂಟಿಸ್ತಿದ್ದಳು, ಸಾವಿರಕ್ಕೆ ಇಷ್ಟು ಅಂತ. ಬೆರಳು ಹಾಗೇ ಇತ್ತು, ತುದಿ ಚಪ್ಪಟೆ. ಫೋಟೋದಲ್ಲಿ ಇಲ್ಲದ್ದು ನಿನಗೆ ಹೇಗೆ ಗೊತ್ತಾಯ್ತೋ. ಅವತ್ತು ಇಷ್ಟು ಜನರ ಮುಂದೆ ನನಗೆ ಹೇಳೋಕೆ ನಾಚಿಕೆ ಆಯ್ತು." ಅವರ ಬೆರಳು ಬಿರುಕಿನ ಕಡೆ ಹೋಗಿ, ಮುಟ್ಟದೆ ನಿಂತಿತು. "ಈ ಶಾಲು ತೆಗೆಯೋಕಾಗುತ್ತಾ? ಆ ಕೈ ಉಳಿಸೋಕಾಗುತ್ತಾ?"

ಆಗುತ್ತಿತ್ತು. ಹತ್ತಿ, ಸಣ್ಣ ಅಲಗು, ಒಂದು ವಾರದ ತಾಳ್ಮೆ ಸಾಕು. ಆದರೆ ಈಗಲೇ ಆಗಬೇಕು. ಇನ್ನೊಂದು ಬೇಸಿಗೆ ಕಳೆದರೆ ಕೆಂಪು ಕೆಳಕ್ಕಿಳಿದು ಕೈಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಶಾಲು ಕಿತ್ತರೆ ಬೆರಳುಗಳೂ ಜೊತೆಗೇ ಬರುತ್ತವೆ. ಇದು ಗೊತ್ತಿದ್ದವನು ಆ ಕೋಣೆಯಲ್ಲಿ ಅವನೊಬ್ಬನೇ. ಮೇಷ್ಟ್ರಿಗೂ ಗೊತ್ತಿತ್ತೇನೋ, ಮರೆತಿದ್ದರು.

ನಾಚಿಕೆಯಂತೆ. ಅಂದು ಈ ಮನುಷ್ಯ ಒಂದು ಮಾತು ಆಡಿದ್ದರೆ ಸಾಕಾಗಿತ್ತು: ಇದು ನಮ್ಮಮ್ಮನ ಕೈ ಅಂತ. ನಗು ಅಲ್ಲೇ ನಿಲ್ಲುತ್ತಿತ್ತು. ಮೇಷ್ಟ್ರು ಬೊಗಳಿದ್ದು ಹೊಟ್ಟೆಪಾಡಿಗೆ. ಇವರಿಗೆ ಯಾವ ಹೊಟ್ಟೆಪಾಡಿತ್ತು?

"ಹೇಳಪ್ಪ," ಎಂದರು ಮಾಲೀಕರು. "ಆಗುತ್ತೋ ಇಲ್ವೋ, ಅಷ್ಟು ಹೇಳು ಸಾಕು."

ಎಡಚ ಬಗ್ಗಿ, ಒಡೆದ ಕೆಂಪಿನ ನಡುವೆ ಕಾಣುತ್ತಿದ್ದ ಅಕ್ಕನ ತೋರುಬೆರಳನ್ನು ಒಂದು ಗಳಿಗೆ ನೋಡಿದ. ಲವಂಗದ ವಾಸನೆ ಇನ್ನೂ ಇತ್ತು. ನೆಟ್ಟಗಾಗಿ, ಆಗುತ್ತೆ ಎಂಬ ಒಂದು ಮಾತನ್ನು ಅವನೂ ಆಡದೆ, ಕುರ್ಚಿಗಳ ಸಾಲು ದಾಟಿ, ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದ. ಹಿಂದಿನಿಂದ ಮಾಲೀಕರು ಮತ್ತೊಮ್ಮೆ ಕೇಳಿದರು. ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.