ಕೆಳಗಿನ ಹಿಡಿ

ರೆಪ್ಪೆಯ ಮೇಲೆ ಮತ್ತೆ ಹೊಟ್ಟು, ಹಸಿಮರದ ಹೊಟ್ಟು, ಉಜ್ಜಿದರೆ ಉರಿ, ಉಜ್ಜಲು ಕೈಯಾದರೂ ಎಲ್ಲಿದೆ, ಎರಡೂ ಗರಗಸದ ಹಿಡಿಗೆ ಅಂಟಿವೆ — ದಿಮ್ಮಿಯ ಮೇಲೆ ನಿಂತು ಭಾವ ಎತ್ತುತ್ತಾನೆ, ಅದರಡಿಯ ಗುಂಡಿಯಲ್ಲಿ ನಿಂತು ನಾನು ಇಳಿಸುತ್ತೇನೆ, ಮದುವೆಯಾದಾಗಿನಿಂದ ಹೀಗೆಯೇ, ಹೆಂಡತಿಯ ಅಣ್ಣ ಮೇಲೆ, ನಾನು ಕೆಳಗೆ, ನನ್ನ ಪಾಲಿನ ಆಕಾಶವೆಂದರೆ ಅವನ ಎರಡು ಕಾಲುಗಳ ನಡುವಿನಷ್ಟು. ಕೆನ್ನೆ ಇನ್ನೂ ಬಿಸಿ. ನಿನ್ನೆ ಹಲಗೆ ಸೊಟ್ಟಗಾಯಿತು, ಕೊಯ್ಯಲೆಂದು ಕರಿನೂಲು ಹೊಡೆದ ಗೆರೆ ಕಾಣುವುದು ಮೇಲಿನವನಿಗೆ, ತಪ್ಪಿದ್ದು ಅವನ ಕಣ್ಣು, ಆದರೂ ಮರ ತಂದ ಗಿರಾಕಿಯ ಮುಂದೆ, ನನ್ನ ಮಗಳು ಬುತ್ತಿ ಹಿಡಿದು ನಿಂತಿದ್ದಾಗಲೇ, ಕುರುಡುಮುಂಡೇದೆ ಅಂತ ಬಿಟ್ಟನಲ್ಲ ಒಂದು, ಬಿಟ್ಟು ನಕ್ಕನಲ್ಲ, ಇನ್ನೊಂದು ಕೆನ್ನೆ ಎಲ್ಲಯ್ಯಾ, ಪಾದ್ರಿಗಳು ಹೇಳಿದ್ದು ಮರ್ತೋಯ್ತಾ — ಅದೇ ಚರ್ಚಿನ ಮುಂದಿನ ಬೆಂಚಿನವನು, ಕೀರ್ತನೆಗೆ ಎಲ್ಲರಿಗಿಂತ ದೊಡ್ಡ ಗಂಟಲು. ಮನೆಗೆ ಬಂದರೆ ಇವಳು, ನಮ್ಮಣ್ಣನ ಕೈ ಮುಂದು, ಮನ್ಸು ಒಳ್ಳೇದು, ಬಿಟ್ಬಿಡಿ ಅತ್ಲಾಗೆ. ಬಿಟ್ಟೆ. ಮಗಳು ಮಾತ್ರ ನನ್ನ ಮುಖ ನೋಡಲಿಲ್ಲ. ಕೈ ಎತ್ತದೆ ಇರಬಹುದು, ಒಳಗೆ ನಿನ್ನೆಯಿಂದ ಎತ್ತುತ್ತಲೇ ಇರುವ ಇನ್ನೊಂದು ಕೈಗೆ ಏನು ಹೇಳಲಿ, ಕರ್ತನೇ, ಅದಕ್ಕೆ ಕಿವಿಯೇ ಇಲ್ಲ — ಎಳಿ, ಬಿಡು, ಎಳಿ — ಅಲ್ಲಿ, ಎಡಗಡೆ, ದಿಮ್ಮಿ ಉರುಳದಂತೆ ಒತ್ತಿಟ್ಟ ಬೆಣೆ, ಸರಿದ ಹಾಗಿದೆಯಲ್ಲ? ಕೆಳಗಿನವನು ಬೆಣೆ ಬಡಿದು ನೋಡಿ ಹೂಂ ಅನ್ನಬೇಕು, ಆಮೇಲೆಯೇ ಮೇಲಿನವನು ಗರಗಸ ಎತ್ತುವುದು, ಅದು ಅವನ ಅಪ್ಪನ ಕಾಲದ ಪದ್ಧತಿ, ಇವತ್ತು ಮುಖ ಬಿಗಿದುಕೊಂಡು ಬಂದವನು ಬೆಣೆಯನ್ನೂ ತಾನೇ ಬಡಿದ, ನನ್ನ ಹೂಂಗೂ ಕಾಯಲಿಲ್ಲ. ಸರಿಯಿತು, ಮತ್ತೆ, ಒಂದೊಂದು ಎಳೆತಕ್ಕೂ ಕೂದಲೆಳೆಯಷ್ಟು. ನಾನು ಗುಂಡಿಯ ಮೂಲೆಗೆ ಹೋಗಿ ನಿಂತರೆ ಸಾಕು. ಏನೂ ಮಾಡಬೇಕಿಲ್ಲ, ಏನೂ ಮಾಡದವನನ್ನು ಯಾರು ಕೇಳುತ್ತಾರೆ, ದಿಮ್ಮಿ ಉರುಳುತ್ತದೆ, ಮುಂದಿನ ಬೆಂಚು ಖಾಲಿ, ನಾನೇ ಮೊದಲು ಅಳುತ್ತೇನೆ — ಎಷ್ಟು ಹಿತವಾಗಿದೆ ಈ ಯೋಚನೆ, ಜ್ವರದ ಬಾಯಿಗೆ ತಣ್ಣೀರಿನ ಹಾಗೆ, ಥೂ, ಭಾವಾ, ನಿಲ್ಸಿ, ಬೆಣೆ ಜಾರ್ತಿದೆ, ಇಳೀರಿ ಕೆಳಗೆ. ಓಹೋ, ನಿನ್ನೇದಕ್ಕೆ ಇವತ್ತು ಕುಣಿಸ್ತೀಯಾ ನನ್ನ, ಎಳಿಯೋ ಸುಮ್ನೆ. ನಿಜವಾಗ್ಲೂ ಭಾವ. ಎಳಿ ಅಂದೆ. ಹಿಡಿ ಬಿಟ್ಟುಬಿಟ್ಟೆ, ಎರಡೂ ಅಂಗೈ ದಿಮ್ಮಿಗೆ ಕೊಟ್ಟೆ, ಭಾರ ಮೊಣಕೈಗೆ ಇಳಿಯಿತು, ಭುಜಕ್ಕೆ, ಇನ್ನು ಮೂಲೆಯೂ ಇಲ್ಲ ನನಗೆ, ಬಿಟ್ಟರೆ ಇಬ್ಬರೂ. ನೀವು ಹೊಡೆದದ್ದು ತಪ್ಪು ಭಾವ, ಅದನ್ನ ಮಗಳ ಮುಂದೇನೇ ನಿಮಗೆ ಹೇಳ್ತೀನಿ, ನೆಲದ ಮೇಲೆ ನಿಂತು ಹೇಳ್ತೀನಿ, ಈಗ ಇಳೀರಿ. ದಿಮ್ಮಿಯ ಅಂಚಿನಲ್ಲಿ ಅವನ ಹಿಮ್ಮಡಿ, ಒಡೆದ ಹಿಮ್ಮಡಿ, ಸೀಳಿನೊಳಗೆ ಹೊಟ್ಟು ಮೆತ್ತಿದ ಹಿಮ್ಮಡಿ, ನನ್ನನ್ನು ನಂಬಲೋ ಬೇಡವೋ ಎಂದು ಒಂದು ಬೆರಳಿನಷ್ಟು ಎದ್ದು, ಇಳಿಯದೆ, ಹಿಮ್ಮಡಿ, ಇನ್ನೂ ಇಳಿಯದೆ, ಹಿಮ್ಮಡಿ —