ನೆಟ್ಟಗಾಗದ ಐದು ಡಿಗ್ರಿ

ಹಳದಿ, ಮತ್ತೆ ಅದೇ ಹಳದಿ ಹಲಗೆ, ಅದರ ಮೇಲೆ ಮುರಿದ ಗೆರೆ, ಮಡಿಸಿದ ಮಂಡಿಯ ಗುರುತು, ಕಾಲುವೆಯ ತಿರುವಿನಲ್ಲಿ ತೀರ್ಪುಗಾರನಾಗಿ ನಿಂತ ಪೌಲೋಸ್ ಸಾರ್ ಎತ್ತಿ ಹಿಡಿದಿದ್ದಾನೆ, ಸಾರ್ ಅಂತೆ ಸಾರ್, ಇವನ ಮನೆ ಹಾಳಾಗ, ಬಿನ್ಸಿ ಹಲ್ಲು ಕಚ್ಚಿದಳು, ಕಾಲು ನಿಲ್ಲಿಸಲಿಲ್ಲ — ಹಿಮ್ಮಡಿ, ಪಾದ, ಬೆರಳು, ಹಿಮ್ಮಡಿ, ಪಾದ, ಬೆರಳು — ನಡಿಗೆಯ ಪಂದ್ಯದಲ್ಲಿ ನೆಲ ಮುಟ್ಟಿದ ಕಾಲು ಮೈಭಾರ ದಾಟುವವರೆಗೆ ನೆಟ್ಟಗಿರಬೇಕು, ಹಳದಿ ಬರೀ ಎಚ್ಚರಿಕೆ, ಕೆಂಪು ಚೀಟಿ ಮೂರಾದರೆ ಹೊರಗೆ, ಒಬ್ಬ ತೀರ್ಪುಗಾರನಿಗೆ ಒಂದೇ ಚೀಟಿ, ಕಣ್ಣಾರೆ ಕಂಡರೆ ಮಾತ್ರ, ಬೋರ್ಡಿನಲ್ಲಿ ಅವಳ ನಂಬರಿನ ಮುಂದೆ ಆಗಲೇ ಎರಡು, ಮೂರನೆಯದು ಇವನ ಜೇಬಿನಲ್ಲಿದೆ, ಕಾಯುತ್ತಿದ್ದಾನೆ, ಗೊತ್ತು, ನಾಲ್ಕು ವರ್ಷದಿಂದ ಕಾಯುತ್ತಿದ್ದಾನೆ, ಇನ್ನೊಂದೇ ಸುತ್ತು, ಮೊದಲು ಬಂದರೆ ಕೇರಳ ತಂಡದ ಅಂಗಿ, ಮೂವತ್ತು ತುಂಬುವ ಮೊದಲು ಒಂದೇ ಒಂದು ಸಲ, ದೋಣಿಯಿಂದ ಯಾವನೋ ಕೂಗಿದ, ಏನ್ ಚೇಚಿ, ಏನಕ್ಕಾ, ಇಷ್ಟು ಅವಸರ ಇದ್ರೆ ಓಡ್ಬಾರ್ದಾ, ಬಾತುಕೋಳಿ ಥರ ಯಾಕೆ ಒದ್ದಾಡ್ತೀರಾ, ನಗು ದರಿದ್ರದವನೇ, ನಗು, ಸೊಂಟ ತಿರುಗಿದರೆ ಹೆಜ್ಜೆ ಉದ್ದವಾಗುತ್ತೆ ಕಣೇ, ಇದೂ ಪೌಲೋಸನ ಮಾತೇ, ನಡಿಗೆ ಕಲಿಸಿದವನೇ ಇವನು, ಛೀ, ಮೈಯೊಳಗೆಲ್ಲ ಅವನದೇ ದನಿ, ಶಾಲೆಯ ಕರಿಹಲಗೆ, ಸೀಮೆಸುಣ್ಣದ ಮೂರು ಚುಕ್ಕೆ, ಸೊಂಟ, ಮಂಡಿ, ಕಾಲ ಹರಡು, ಮೂರೂ ಒಂದೇ ಗೆರೇಲಿದ್ರೆ ನಡಿಗೆ, ನಡುವಿನದು ಜಾರಿದ್ರೆ ಅದು ಕಳ್ಳ ಓಟ, ಕೀಲು ಸುಳ್ಳು ಹೇಳಲ್ಲ, ಮುಖ ಹೇಳುತ್ತೆ, ಅದಕ್ಕೇ ನಾನು ಮುಖ ನೋಡಲ್ಲ.

ನೋಡಲಿಲ್ಲ, ಎಂದೂ ನೋಡಲಿಲ್ಲ, ಸ್ಕೂಟರಿನಿಂದ ಬಿದ್ದ ವರ್ಷ ಬಲಮಂಡಿಗೆ ಪ್ಲಾಸ್ಟಿಕ್ಕಿನ ಕೋನಮಾಪಕ ಒತ್ತಿ ಅಳೆದ, ಐದು ಡಿಗ್ರಿ ಕಮ್ಮಿ, ಇದು ಇನ್ನು ಪೂರ್ತಿ ನೆಟ್ಟಗಾಗಲ್ಲ, ಆದರೂ ತಪಾಸಣೆಯ ಹಾಳೆಯಲ್ಲಿ ಕೊರತೆ ಸೊನ್ನೆ ಅಂತ ಬರೆದ, ಕೀಲು ಸುಳ್ಳು ಹೇಳಲ್ಲ ಅಂದವನು, ಯಾರಿಗೂ ಹೇಳ್ಬೇಡ, ಸುಸ್ತಾಗೋವರೆಗೆ ಯಾರ ಕಣ್ಣಿಗೂ ಬೀಳಲ್ಲ, ಆಮೇಲೆ, ನಾಲ್ಕು ವರ್ಷದ ಹಿಂದೆ, ಅವಳು ಇವನನ್ನು ಬಿಟ್ಟು ಕೋಟ್ಟಯಂ ಶಿಬಿರಕ್ಕೆ ಹೊರಟ ದಿನ, ಎಲ್ಲ ಹುಡುಗಿಯರ ಎದುರಿಗೆ, ಹೋಗೇ, ಉಂಡ ಮನೆಗೆ ಎರಡು ಬಗೆಯೋಳೇ, ನಿನ್ನ ಮಂಡಿ ಗುಟ್ಟು ನನ್ನ ಹತ್ರ ಇದೆ, ನೆನಪಿಟ್ಕೋ — ಹಿಮ್ಮಡಿ, ಪಾದ, ಬೆರಳು — ಸುಸ್ತು, ತೊಡೆ ಕಲ್ಲು, ಮಂಡಿ ಹೇಳಿದ ಮಾತು ಕೇಳುತ್ತಿಲ್ಲ, ಮತ್ತೆ ಕಾಲುವೆಯ ತಿರುವು, ಇವನೇ ಕೊನೆಯವನು, ಇವನನ್ನು ದಾಟಿದರೆ ಮುಗಿಯಿತು, ಬರೆಯೋ, ಬರೆದುಕೋ, ಹೊಟ್ಟೆ ತಣ್ಣಗಾಗಲಿ, ಇದೇ ಐದು ಡಿಗ್ರಿ, ನಿನ್ನ ಸೊನ್ನೆ, ಅವನು ನೋಡಿದ, ಈ ಸಲ ಮುಖ ನೋಡಿದ, ಆಮೇಲೆ ದಡಕ್ಕನೆ ಒಂದು ಮಂಡಿ ಊರಿ ಬಗ್ಗಿದ, ತಲೆ ತಗ್ಗಿಸಿ ಪಾದದ ಹತ್ತಿರ ಬೆರಳಾಡಿಸುತ್ತಾ ಲೇಸು ಕಟ್ಟುವವನ ಹಾಗೆ, ಅವಳು ದಾಟಿದಳು, ಯಾರೂ ಏನೂ ಎತ್ತಲಿಲ್ಲ, ಮುಂದೆ ಯಾರೂ ಇಲ್ಲ, ಪಂದ್ಯ ಮುಗಿಯುವ ಗೆರೆ, ಕೂಗು, ಬಿನ್ಸಿ ಬಿನ್ಸಿ, ಗೆದ್ದಳು, ಯಾವನಿಗೆ ಬೇಕಿತ್ತು ನಿನ್ನ ಕರುಣೆ, ಈ ಅಂಗಿಯೂ ನಿನ್ನದೇ ಆಯಿತಲ್ಲೋ, ತಿರುಗಿ ನೋಡಿದಳು, ಅವನು ಇನ್ನೂ ಎದ್ದಿಲ್ಲ, ಮಡಿಸಿದ ಮಂಡಿ, ಹಲಗೆಯ ಮೇಲಿನ ಅದೇ ಮುರಿದ ಗೆರೆ, ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ, ಚಪ್ಪಲಿಗೆ ಲೇಸೇ ಇಲ್ಲ, ಮಡಿಸಿದ ಮಂಡಿ, ಲೇಸೇ ಇಲ್ಲ, ಮಡಿಸಿದ ಮಂಡಿ