ಉತ್ತರ ಸ್ಟ್ಯಾಂಡಿನ ಭಾವ

ಸುದ್ದಿ ಕಂಡಕ್ಟರನಿಗೆ ಸಿಕ್ಕಿದ್ದು ಓಡುವ ಬಸ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಇಬ್ಬರು ಒಂದೇ ಫೋನಿಗೆ ತಲೆ ತೂರಿಸಿ ಕೂತಿದ್ದರು. ಟಿಕೆಟ್ ಕೇಳಲು ಬಗ್ಗಿದವನಿಗೆ ಪರದೆಯ ಮೇಲಿನ ಮುಖ ಕಾಣಿಸಿತು. ಊರಿನ ಫುಟ್‌ಬಾಲ್ ಕ್ಲಬ್ಬಿನ ಹೊಸ ಮ್ಯಾನೇಜರ್! ಆ ಮುಖವನ್ನು ಅವನಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಅದರ ಎದುರು ಕೂತು ಉಂಡಿದ್ದ. ಮುಂದಿನ ನಿಲ್ದಾಣದಲ್ಲಿ ಸೀಟಿ ಊದುವುದೇ ಮರೆತುಹೋಯಿತು. ಡ್ರೈವರ್ ಹಿಂತಿರುಗಿ, "ಏನಪ್ಪಾ, ನಿಂತಲ್ಲೇ ನಿದ್ದೆ ಬಂತಾ?" ಎಂದ.

ಭಾವ ಎಂಬ ಒಂದು ಮಾತಿನ ಪುರಾಣ ಗೊತ್ತಿಲ್ಲದವರಿಗೆ ಅವನ ಸಂಕಟ ಅರ್ಥವಾಗುವುದಿಲ್ಲ. ಆ ಮನುಷ್ಯ ಇದೇ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದಾಗ ಕಂಡಕ್ಟರನ ಅಕ್ಕನನ್ನು ಮದುವೆಯಾದ. ಮದುವೆಯ ಬೆನ್ನಿಗೇ ಬಂದ ಪಂದ್ಯದಲ್ಲಿ ಅವನೊಂದು ಪೆನಾಲ್ಟಿ ತಡೆದಾಗ ಕಂಡಕ್ಟರ್ ಮೈಮರೆತು "ಭಾವಾ" ಎಂದು ಕೂಗಿದ್ದ. ಬಸ್ಸಿನಲ್ಲಿ ಪಳಗಿದ ಗಂಟಲು ಅದು. ಸ್ಟೇಡಿಯಂನಲ್ಲಿ ಅಭಿಮಾನಿಗಳು ಸೇರುವ ಉತ್ತರ ಸ್ಟ್ಯಾಂಡಿನಲ್ಲಿ ಯಾವ ಕೂಗಾದರೂ ಮೊದಲು ಅವನೇ ಎತ್ತಬೇಕು, ಉಳಿದವರು ಅವನ ಹಿಂದೆ. ಅವನು ಭಾವ ಅಂದ, ಐದು ಸಾವಿರ ಜನ ಭಾವ ಅಂದರು. ಹಲ್ಲಿಲ್ಲದ ಮುದುಕರಿಗೂ ಆ ಗೋಲ್‌ಕೀಪರ್ ಭಾವನೇ. ಅಕ್ಕ ಪೇಟೆಗೆ ಹೋದರೆ ಗುರುತಿಲ್ಲದ ಗಂಡಸರು ಕೂಡ "ಅಕ್ಕಾ, ಭಾವ ಹೇಗಿದ್ದಾರೆ" ಎಂದು ಕೇಳುತ್ತಿದ್ದರು. ಅವಳು ನಾಚಿಕೊಳ್ಳುತ್ತಿದ್ದಳು, ಹಿಗ್ಗುತ್ತಲೂ ಇದ್ದಳು.

ಆಮೇಲೆ ಕ್ಲಬ್ಬು ಸೋಲತೊಡಗಿತು, ಭಾವ ದೂರದೂರಿನ ದೊಡ್ಡ ಕ್ಲಬ್ಬಿಗೆ ಕಾಲು ಕಿತ್ತ. ಮನೆ ನೋಡಿ ಕರೆಸಿಕೊಳ್ಳುತ್ತೇನೆಂದು ಹೇಳಿಹೋದವನು ಕರೆಸಲಿಲ್ಲ, ಫೋನೂ ಎತ್ತಲಿಲ್ಲ. ಕೊನೆಗೆ ಬಂದದ್ದು ವಕೀಲರ ನೋಟೀಸು. ಗೋಲ್‌ಕೀಪರ್ ಕೈ ಕೊಟ್ಟ ಎಂದು ಊರೆಲ್ಲ ತಮಾಷೆ ಮಾಡಿತು. ಕಂಡಕ್ಟರನಿಗೆ ಆ ತಮಾಷೆಗೆ ಇವತ್ತಿಗೂ ನಗು ಬಂದಿಲ್ಲ. ಅಂದಿನಿಂದ ಸ್ಟ್ಯಾಂಡಿನಲ್ಲಿ ಯಾರೂ ಅವನೆದುರು ಭಾವ ಎಂಬ ಮಾತೆತ್ತುತ್ತಿರಲಿಲ್ಲ.

ಪಾಳಿ ಮುಗಿದದ್ದೇ ತಡ, ಅವನು ಅಕ್ಕನ ಹೊಲಿಗೆ ಅಂಗಡಿಗೆ ಓಡಿದ. ಸ್ಟ್ಯಾಂಡಿನ ಬ್ಯಾನರುಗಳೆಲ್ಲ ಹೊಲಿದು ಸಿದ್ಧವಾಗುವುದು ಅಲ್ಲೇ, ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಹಾಗಾಗಿ ಸಭೆ, ಜಗಳ, ರಾಜಿ ಎಲ್ಲಕ್ಕೂ ಅದೇ ಜಾಗ. ಅಕ್ಕನಿಗೆ ಸುದ್ದಿಯನ್ನು ತಾನೇ ಹೇಳಬೇಕು, ಉಳಿದವರು ಬರುವ ಮೊದಲೇ ಹೇಳಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು.

ಅಕ್ಕ ಇರಲಿಲ್ಲ. ಲೈನಿಂಗ್ ಬಟ್ಟೆ ತರಲು ಹೋಗಿದ್ದಾಳೆಂದು ಪಕ್ಕದ ಅಂಗಡಿಯವರು ಹೇಳಿದರು. ಹಿಂಬದಿಯ ಕೋಣೆಯಲ್ಲಿ ಮಾತ್ರ ಸ್ಟ್ಯಾಂಡಿನ ಇಬ್ಬರು ಆಗಲೇ ಕಚ್ಚಾಡುತ್ತಿದ್ದರು. ಒಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು. ಇನ್ನೊಬ್ಬ ಪೆಟ್ರೋಲು. ಬಂಕಿನಲ್ಲಿ ಕೆಲಸವೆಂದು ಆ ಹೆಸರು ಬಂತೋ, ಮಾತುಮಾತಿಗೆ ಹೊತ್ತಿಕೊಳ್ಳುತ್ತಾನೆಂದು ಬಂತೋ, ಅವನಿಗೇ ಗೊತ್ತಿಲ್ಲ.

"ಬಂದ ನೋಡಿ. ಕೇಳಿ ಇವನನ್ನೇ," ಎಂದ ಪೆಟ್ರೋಲು. "ಅವನು ಮೈದಾನಕ್ಕೆ ಕಾಲಿಟ್ಟ ತಕ್ಷಣ ಶಿಳ್ಳೆ ಹೊಡೆದು ಓಡಿಸ್ಬೇಕೋ ಬೇಡ್ವೋ?"

"ಓಡ್ಸಿ, ಆಮೇಲೆ?" ಎಂದರು ಮೇಷ್ಟ್ರು. "ಈ ವರ್ಷ ಇಬ್ಬರು ಮ್ಯಾನೇಜರುಗಳು ಬಂದು ಹೋಗಿಯಾಯ್ತು. ನಾವಿರೋದು ಪಟ್ಟಿಯ ಕೊನೇಲಿ. ಇವನೂ ಹೋದ್ರೆ ಕೆಳಗಿನ ದರ್ಜೆಗೆ ಬೀಳ್ತೀವಿ, ಬಿದ್ದ ಕ್ಲಬ್ಬಿಗೆ ಬಾಗಿಲು ಹಾಕ್ತಾರೆ. ಹುಡುಗರು ಹೆದರಿ ಆಡ್ತಿದ್ದಾರೆ. ಸ್ಟ್ಯಾಂಡು ಇವನ ಕಡೆ ಇದೆ ಅಂತ ಗೊತ್ತಾದ್ರೆ ಅವರಿಗೂ ಸ್ವಲ್ಪ ಉಸಿರು ಬರುತ್ತೆ." ಅವರು ಕಂಡಕ್ಟರನ ಕಡೆ ತಿರುಗಿದರು. "ಭಾನುವಾರ ಆ ಹಳೇ ಕೂಗು ಎತ್ತು. ಒಂದೇ ಸಲ."

"ಮೇಷ್ಟ್ರೇ, ಆ ಮಾತು ಬಿಟ್ಟು ಬೇರೆ ಏನಾದ್ರೂ ಕೇಳಿ."

"ನಿನ್ನ ಮನೆ ವಿಷಯ ಬೇರೆ, ಕ್ಲಬ್ಬಿನ ವಿಷಯ ಬೇರೆ ಕಣಯ್ಯಾ."

"ಬೇರೆ ಹೇಗಾಗುತ್ತೆ?" ಕಂಡಕ್ಟರನ ದನಿ ಅವನಿಗರಿವಿಲ್ಲದೆಯೇ ಏರಿತು. "ನಮ್ಮನೆ ಅಡುಗೆ ಕೋಣೆಗೆ ಸ್ಟೇಡಿಯಂ ಗದ್ದಲ ಕೇಳಿಸುತ್ತೆ. ನೀವು ಐದು ಸಾವಿರ ಜನ ಭಾವಾ ಭಾವಾ ಅಂತ ಕೂಗ್ತಿದ್ರೆ ನಮ್ಮಕ್ಕ ಎಲ್ಲಿ ಹೋಗಿ ಕಿವಿ ಮುಚ್ಕೋಬೇಕು? ಅವನು ಸೋಲೋ ಕ್ಲಬ್ಬಿನಲ್ಲಿ ಒಂದು ದಿನಾನೂ ನಿಂತವನಲ್ಲ. ಈಗ ನಿಲ್ತಾನಾ?"

"ಅದೇ ತಾನೇ ಪ್ರಶ್ನೆ," ಎಂದರು ಮೇಷ್ಟ್ರು. "ನಿಲ್ತಾನೋ ಇಲ್ವೋ."

ಆಗ ಮೂವರಿಗೂ ಬಾಗಿಲ ಕಡೆಯಿಂದ ಬಟ್ಟೆಯ ಕಟ್ಟು ಇಳಿಸಿದ ಸದ್ದು ಕೇಳಿಸಿತು. ಅಕ್ಕ ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಪೆಟ್ರೋಲು ನಾಲಿಗೆ ಕಚ್ಚಿಕೊಂಡು ಗೋಡೆಯ ಮೇಲಿನ ಅಳತೆ ಟೇಪನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ.

ಅಕ್ಕ ಒಳಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತಳು. "ಸುದ್ದಿ ಬೆಳಿಗ್ಗೆಯೇ ಗೊತ್ತಾಯ್ತು," ಎಂದಳು. "ಬ್ಯಾನರು ಎಷ್ಟು ಅಗಲ ಬೇಕು, ಹೇಳಿ."

ಮೇಷ್ಟ್ರು ಅಗಲ ಹೇಳದೆ ಅವಳ ಎದುರಿಗೆ ಬಂದು ಕೂತರು. "ತಾಯಿ, ಕೇಳಬಾರದ್ದು ಕೇಳ್ತಿದ್ದೀನಿ. ನಿನಗೆ ಗೊತ್ತಿದ್ದಷ್ಟು ಇಲ್ಲಿ ಯಾರಿಗೂ ಅವನು ಗೊತ್ತಿಲ್ಲ. ಸೋತ ದಿನ ಸ್ಟ್ಯಾಂಡಿನ ಮುಂದೆ ಕಂಬಿ ಹತ್ತಿರ ಬಂದು ನಿಂತು ನಮ್ಮ ಮುಖ ನೋಡೋದು ನಮ್ಮ ಕ್ಲಬ್ಬಿನ ಪದ್ಧತಿ. ಹಿಂದಿನ ಇಬ್ಬರೂ ಬರದೆ ತಪ್ಪಿಸ್ಕೊಂಡ್ರು. ಇವನು ಬರ್ತಾನಾ?"

"ಮೇಷ್ಟ್ರೇ, ಸಾಕು," ಎಂದ ಕಂಡಕ್ಟರ್.

"ನೀನು ಸುಮ್ಮನಿರೋ. ನನ್ನ ಪರವಾಗಿ ನೀನೇ ಮಾತಾಡಿ ಮಾತಾಡಿ ನನಗೆ ಬಾಯಿಲ್ಲ ಅಂದ್ಕೊಂಡಿದ್ದಾರೆ ಎಲ್ಲರೂ." ಅಕ್ಕ ಮೇಷ್ಟ್ರ ಕಡೆ ನೋಡಿದಳು. "ಬರಲ್ಲ. ಅವರಿಗೆ ಸೋಲಿನ ಭಯ ಇಲ್ಲ, ಸೋತ ಮುಖ ತೋರ್ಸೋದಕ್ಕೆ ಭಯ. ಸೋತ ದಿನ ಮನೆಗೆ ಬಂದ್ರೆ ನನ್ನೆದುರು ಕೂಡ ತಲೆ ಎತ್ತುತ್ತಿರಲಿಲ್ಲ, ಗೋಡೆ ಕಡೆ ತಿರುಗಿ ಮಲಗ್ತಿದ್ರು. ಬಿಟ್ಟುಹೋದಾಗಲೂ ಅದೇ, ಎದುರಿಗೆ ನಿಂತು ಹೇಳೋಕಾಗದೆ ನೋಟೀಸು ಕಳ್ಸಿದ್ರು. ಅದು ಅವರ ಕೈಲಾಗದ ಕೆಲಸ. ಕೆಲವರಿಗೆ ಆಗಲ್ಲ, ಅಷ್ಟೆ. ನಾನದನ್ನ ಒಪ್ಕೊಂಡು ಸುಮ್ಮನಾಗಿದ್ದೀನಿ."

"ಹಾಗಾದ್ರೆ ಶಿಳ್ಳೆನೇ ಸರಿ," ಎಂದ ಪೆಟ್ರೋಲು.

"ಶಿಳ್ಳೆ ಹೊಡೆದ್ರೆ ಆ ಕ್ಷಣವೇ ಹೊರಟುಹೋಗ್ತಾರೆ. ನಿಮ್ಮ ಕ್ಲಬ್ಬು ಉಳೀಬೇಕಾದ್ರೆ ಕೂಗಿ ಕರೀರಿ. ಆದ್ರೆ ಭಾವ ಅನ್ಬೇಡಿ." ಅವಳ ದನಿ ಈಗ ಗಟ್ಟಿಯಾಯಿತು. "ಅವರು ಭಾವ ಆಗಿದ್ದು ನನ್ನಿಂದ. ನಾನು ಹೆಂಡತಿಯಾಗಿದ್ದೆ ಅಂತ ಇವನಿಗೆ ಭಾವ, ಇವನಿಗೆ ಭಾವ ಅಂತ ನಿಮಗೆ ಭಾವ. ಆ ಮಾತು ನಂದು. ನಾನದನ್ನ ವಾಪಸ್ ತಗೊಂಡಿದ್ದೀನಿ. ಅವರಿಗೊಂದು ಹೆಸರಿದೆ, ಅದರಲ್ಲಿ ಕರೀರಿ."

ಮೇಷ್ಟ್ರು ತಲೆಯಾಡಿಸಿದರು. ಇಷ್ಟು ವರ್ಷದಲ್ಲಿ ಉತ್ತರ ಸ್ಟ್ಯಾಂಡು ಆ ಮನುಷ್ಯನ ಹೆಸರು ಹಿಡಿದು ಕೂಗಿದ್ದೇ ಇಲ್ಲ ಎಂದು ಕಂಡಕ್ಟರನಿಗೆ ಆಗ ಹೊಳೆಯಿತು.

ಭಾನುವಾರದ ಪಂದ್ಯದುದ್ದಕ್ಕೂ ಅವನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಅವನು ಎತ್ತದೆ ಸ್ಟ್ಯಾಂಡೂ ಎತ್ತಲಿಲ್ಲ. ಅಷ್ಟು ಜನ ಒಟ್ಟಿಗೆ ಸುಮ್ಮನಿದ್ದರೆ ಕೆಮ್ಮಿದ್ದೂ ಕೇಳಿಸುತ್ತದೆ. ಹಿಂದೆ ಯಾರೋ "ಭಾ..." ಎಂದು ಶುರು ಮಾಡಿದಾಗ ಅವನು ತಿರುಗಿ ನೋಡಿದ ನೋಟಕ್ಕೆ ಆ ಮಾತು ಅಲ್ಲೇ ಸತ್ತಿತು. ಗೆರೆಯ ಬಳಿ ನಿಂತಿದ್ದ ಹೊಸ ಮ್ಯಾನೇಜರ್ ಮತ್ತೆ ಮತ್ತೆ ಸ್ಟ್ಯಾಂಡಿನ ಕಡೆ ಕಣ್ಣು ಹಾಯಿಸುತ್ತಿದ್ದ. ತಲೆ ಅರ್ಧ ನರೆತಿತ್ತು. ಯಾವ ಕೂಗಿಗಾಗಿ ಕಾಯುತ್ತಿದ್ದಾನೆಂದು ಕಂಡಕ್ಟರನಿಗೆ ಚೆನ್ನಾಗಿ ಗೊತ್ತಿತ್ತು. ಅದು ಸಿಗದೆ ಅವನು ಒದ್ದಾಡುವುದನ್ನು ನೋಡಿ ಹೊಟ್ಟೆ ತಣ್ಣಗಾಯಿತು ಎಂದರೂ ಸುಳ್ಳಲ್ಲ.

ಆಟ ಮುಗಿಯುತ್ತಾ ಬಂದಾಗ ಎದುರಾಳಿಗಳು ಗೋಲು ಹೊಡೆದರು. ಸೋಲು.

ಆಟಗಾರರು ಹುಲ್ಲಿನ ಮೇಲೆ ಕುಸಿದರು. ಮ್ಯಾನೇಜರ್ ಮೈದಾನದ ನಡುವೆ ನಿಂತ. ಒಂದು ಕಡೆ ಒಳಗೆ ಹೋಗುವ ಬಾಗಿಲು, ಇನ್ನೊಂದು ಕಡೆ ಕಂಬಿ. ಅವನು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ್ದು ಎಲ್ಲರಿಗೂ ಕಂಡಿತು. ಪೆಟ್ರೋಲು ಬೆರಳುಗಳನ್ನು ಬಾಯಿಗಿಟ್ಟುಕೊಂಡು ಕಂಡಕ್ಟರನ ಮುಖ ನೋಡಿದ. ಇಡೀ ಸ್ಟ್ಯಾಂಡು ಅವನ ಮುಖವನ್ನೇ ನೋಡುತ್ತಿತ್ತು.

ಒಂದು ಶಿಳ್ಳೆ ಸಾಕಿತ್ತು. ಮ್ಯಾನೇಜರ್ ಓಡುತ್ತಿದ್ದ, ಅಕ್ಕ ಹೇಳಿದ್ದು ನಿಜವಾಗುತ್ತಿತ್ತು, ಲೆಕ್ಕ ಚುಕ್ತಾ ಆಗುತ್ತಿತ್ತು. ಕಂಡಕ್ಟರನಿಗೆ ಅದು ಬೇಕೂ ಆಗಿತ್ತು, ಮೈಯೆಲ್ಲ ಅದಕ್ಕಾಗಿ ಉರಿಯುತ್ತಿತ್ತು. ಆದರೆ ಕಂಬಿಯ ಹತ್ತಿರವೇ ಬಿದ್ದಿದ್ದ ತಂಡದ ನಾಯಕ ಅಂಗಿಯನ್ನು ಮುಖಕ್ಕೆಳೆದುಕೊಂಡು ಅಳುತ್ತಿದ್ದ. ಅದು ಕಂಡಕ್ಟರ್ ಹುಟ್ಟಿದಾಗಿನಿಂದ ಕಂಡ ಕ್ಲಬ್ಬಿನ ಅಂಗಿ. ಅವನು ಉಸಿರೆಳೆದುಕೊಂಡು ಆ ಮನುಷ್ಯನ ಹೆಸರನ್ನು, ಅವರಪ್ಪನ ಹೆಸರೂ ಸೇರಿಸಿ, ಗಂಟಲು ಹರಿಯುವಂತೆ ಕೂಗಿದ. ಸ್ಟ್ಯಾಂಡು ಒಂದು ಕ್ಷಣ ಗಲಿಬಿಲಿಗೊಂಡಿತು, ಆಮೇಲೆ ಎತ್ತಿಕೊಂಡಿತು.

ಮ್ಯಾನೇಜರ್ ನಿಂತ, ತಿರುಗಿದ. ತನಗೆ ಬೇಕಾದ ಮಾತು ಇದಲ್ಲ, ಇನ್ನು ಅದು ಸಿಗುವುದೂ ಇಲ್ಲ ಎಂದು ಅವನಿಗೆ ತಿಳಿದಿತ್ತೆಂದು ಮುಖವೇ ಹೇಳುತ್ತಿತ್ತು. ಆದರೂ ಅವನು ಕಂಬಿಯವರೆಗೆ ನಡೆದು ಬಂದ. ತಲೆ ಎತ್ತಿ, ಒದ್ದೆ ಕಣ್ಣು ಒರೆಸಿಕೊಳ್ಳದೆ, ಸ್ಟ್ಯಾಂಡು ಖಾಲಿಯಾಗುವವರೆಗೆ ನಿಂತ.

ಕಂಡಕ್ಟರ್ ಮನೆಗೆ ಬಂದಾಗ ಅಕ್ಕ ಅಡುಗೆ ಕೋಣೆಯಲ್ಲಿ ಕಿಟಕಿ ತೆರೆದಿಟ್ಟುಕೊಂಡು ಪಾತ್ರೆ ಒರೆಸುತ್ತಿದ್ದಳು.

"ಹೆಸರು ಕೇಳಿಸ್ತು," ಎಂದಳು. "ಸೋತ್ರಿ, ಅಲ್ವಾ?"

"ಹೂಂ."

"ಬಂದ್ರಾ ಕಂಬಿ ಹತ್ತಿರ?"

ಇಲ್ಲ ಎಂದುಬಿಡಬಹುದಿತ್ತು. ಆ ಮಾತು ಅವನ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅಕ್ಕನಿಗೆ ಅವನು ಚಿಕ್ಕಂದಿನಿಂದ ಸುಳ್ಳು ಹೇಳಿ ದಕ್ಕಿಸಿಕೊಂಡದ್ದಿಲ್ಲ.

"ಬಂದ. ತುಂಬಾ ಹೊತ್ತು ನಿಂತಿದ್ದ. ಅಳ್ತಿದ್ದ."

ಅಕ್ಕ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟಳು. ಬಿಟ್ಟುಹೋದ ದಿನವೂ, ನೋಟೀಸು ಬಂದ ದಿನವೂ ಕಾಣದ ನೋವೊಂದು ಅವಳ ಮುಖಕ್ಕೆ ಬಂತು. ಅವನು ಹೆದರಿ ಹತ್ತಿರ ಹೋದ.

"ಹಾಗಾದ್ರೆ ಆಗ್ತಿತ್ತು ಅವರ ಕೈಲಿ," ಎಂದಳು ಅಕ್ಕ.